ಸುರುಳಿಯ ಕಾಂತರೇಖೆಗಳನ್ನು ಕಣ್ಣಾರೆ ಕಾಣುವುದು ಹೇಗೆ?

ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತದಂತಾಗುವ ಉದ್ದನೆಯ ತಂತಿಸುರುಳಿಯ ಕಾಂತರೇಖೆಗಳ ಚಿತ್ರ ಬರೆಯಿರಿ ಎಂದರೆ ಹೆಚ್ಚಿನವರು ಸುರುಳಿಯೊಳಗೆ ನಾಲ್ಕು ನೇರ ಗೆರೆ ಎಳೆಯುತ್ತಾರೆ. ಎಲ್ಲವನ್ನೂ ಬಾಯಿಯ ತನಕ ತಂದು ಅಲ್ಲಿಂದ ಕಾರಂಜಿಯಂತೆ ಚಿಮ್ಮಿಸುತ್ತಾರೆ. ಇದು ತಪ್ಪು. ಉದ್ದ ಸುರುಳಿಯ ನಡುವೆ ಹಾಯುವ ರೇಖೆಗಳಲ್ಲಿ ಸುಮಾರು ಅರ್ಧದಷ್ಟು ಬಾಯಿ ಮುಟ್ಟುವ ಮೊದಲೇ ಕೊನೆಯ ಸುತ್ತುಗಳ ಸಂದಿಯಿಂದ ನುಸುಳಿ ಹೊರಬೀಳುತ್ತವೆ. ತುದಿಯಲ್ಲಿ ಕಾಂತಕ್ಷೇತ್ರದ ಬಲ ನಡುವಿನ ಅರ್ಧಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಇದನ್ನು ನೋಡಬೇಕೆಂದರೆ ಸಂದಿ ಬಿಟ್ಟು ಸುತ್ತಿದ, ಕಬ್ಬಿಣದ ಪುಡಿ ಉದುರಿಸಲು ನಡುವೆ ಹಲಗೆ ಹಾಯ್ದ ಸುರುಳಿ ಬೇಕು.

ಹಲಗೆ: 3 ಮಿ.ಮೀ. ದಪ್ಪದ ಬಿಳಿ ಅಕ್ರಿಲಿಕ್ ಹಾಳೆ ತೆಗೆದುಕೊಳ್ಳಿ. ರಟ್ಟು ಬೇಡ, ತೂತುಗಳ ನಡುವೆ ಹರಿದುಹೋಗುತ್ತದೆ. 4 ಸೆಂ.ಮೀ. ಅಂತರದಲ್ಲಿ ಎರಡು ಸಾಲು ಗುರುತಿಸಿ. ಒಂದೊಂದು ಸಾಲಿಗೂ 6 ಮಿ.ಮೀ.ಗೆ ಒಂದರಂತೆ 25 ತೂತು, ತೂತಿನ ಅಗಲ 2.5 ಮಿ.ಮೀ.

ತಂತಿ: 1 ಮಿ.ಮೀ. ದಪ್ಪದ ಎನಾಮಲ್ (ವಿದ್ಯುತ್ ಹಾಯಗೊಡದ ತೆಳು ಲೇಪ) ಇರುವ ತಾಮ್ರದ ತಂತಿ, 7 ಮೀಟರ್. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ಇದೇ ಹೆಸರಲ್ಲಿ ಮಾರಾಟವಾಗುತ್ತದೆ. ತುದಿಯನ್ನು ಕತ್ತರಿಸಿ ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಅದು ಬೇಗ ಬಿಸಿಯಾಗುತ್ತದೆ, ಬಾಗಿಸಿದರೆ ಮುರಿಯುತ್ತದೆ.

ಸುತ್ತುವುದು: ಕೆಲಸ ಕೆಡುವುದು ಇಲ್ಲೇ. ಎಡಸಾಲಿನಲ್ಲಿ ಮೇಲಕ್ಕೆ, ಬಲಸಾಲಿನಲ್ಲಿ ಕೆಳಕ್ಕೆ: ಕೊನೆಯ ತನಕ ಈ ನಿಯಮ ಬದಲಾಗಬಾರದು. 1ನೇ ಎಡತೂತಿನಿಂದ ತಂತಿ ಮೇಲೆದ್ದು, ಕಮಾನಾಗಿ ದಾಟಿ, 1ನೇ ಬಲತೂತಿನಲ್ಲಿ ಇಳಿಯಬೇಕು. ಹಲಗೆಯ ಅಡಿಯಲ್ಲಿ ಹಾಯ್ದು 2ನೇ ಎಡತೂತಿನಿಂದ ಮತ್ತೆ ಏಳಬೇಕು. 25ಕ್ಕೆ ಬಂದ ಮೇಲೆ ಅದೇ ತೂತುಗಳಲ್ಲಿ 25ರಿಂದ 1ಕ್ಕೆ ವಾಪಸ್ ಬನ್ನಿ, ಆಗಲೂ ಎಡದಲ್ಲೇ ಏರಬೇಕು, ಬಲದಲ್ಲೇ ಇಳಿಯಬೇಕು. ಹಿಂದಕ್ಕೆ ಬರುತ್ತಿದ್ದೇವೆಂದು ಇಲ್ಲಿ ಹಲವರು ಏರಿಳಿತವನ್ನೂ ತಿರುಗಿಸಿಬಿಡುತ್ತಾರೆ. ಆಗ ಎರಡನೇ 25 ಸುತ್ತು ಮೊದಲ 25ನ್ನು ಹೆಚ್ಚುಕಡಿಮೆ ಅಳಿಸಿಹಾಕುತ್ತದೆ. ಲೆಕ್ಕಕ್ಕೆ ಬರುವುದು ವಿದ್ಯುತ್ ಯಾವ ಕಡೆಗೆ ಸುತ್ತು ಹಾಕುತ್ತದೆ ಎಂಬುದು, ಸುತ್ತುಗಳು ಯಾವ ಕಡೆಗೆ ಸಾಗುತ್ತವೆ ಎಂಬುದಲ್ಲ. ಸುರುಳಿ ದುಂಡಗೆ ಬರಲು ಪೈಪನ್ನು ಉದ್ದಕ್ಕೆ ಸೀಳಿ, ಒಂದು ಹೋಳು ಹಲಗೆಯ ಮೇಲೆ, ಇನ್ನೊಂದು ಅಡಿಯಲ್ಲಿಟ್ಟು ಸುತ್ತಿ, ಆಮೇಲೆ ಜಾರಿಸಿ ತೆಗೆಯಿರಿ.

ತಂತಿಯ ಎರಡೂ ತುದಿಯ ಎನಾಮಲ್ ಅನ್ನು ಮರಳುಕಾಗದದಿಂದ ಪೂರ್ತಿ ಉಜ್ಜಿ.

ಕರೆಂಟ್: ಮಿತಿ ಇಡಬಹುದಾದ ಪವರ್ ಸಪ್ಲೈನಲ್ಲಿ 5 ಆಂಪಿಯರ್. ಸುರುಳಿಯ ರೋಧ ಸುಮಾರು 0.15 ಓಮ್ ಮಾತ್ರ, 1 ವೋಲ್ಟಿನೊಳಗೇ ಕೆಲಸ ಮುಗಿಯುತ್ತದೆ. ವಾಹನದ ಬ್ಯಾಟರಿಗೆ ನೇರ ಜೋಡಿಸುವ ಅಡ್ಡದಾರಿ ಹಿಡಿಯಲೇಬೇಡಿ, ಹತ್ತಾರು ಆಂಪಿಯರ್ ನುಗ್ಗಿ ಎನಾಮಲ್ ಸುಟ್ಟುಹೋಗುತ್ತದೆ. ಒಮ್ಮೆಗೆ 10 ಸೆಕೆಂಡ್ ಸಾಕು.

ಪುಡಿ ಹಾಕುವ ಮೊದಲು ಸುರುಳಿಯನ್ನು ಪೂರ್ವ-ಪಶ್ಚಿಮವಾಗಿಟ್ಟು, ಒಳಗೆ ಪುಟ್ಟ ದಿಕ್ಸೂಚಿ ಇಟ್ಟು ನೋಡಿ. ಕರೆಂಟ್ ಬಂದೊಡನೆ ಮುಳ್ಳು ತಟ್ಟನೆ ಸುರುಳಿಯ ಉದ್ದಕ್ಕೆ ತಿರುಗಿ ನಿಲ್ಲಬೇಕು. ಒಳಗಿನ ಕ್ಷೇತ್ರ ಸುಮಾರು 2 ಮಿಲಿಟೆಸ್ಲಾ, ಭೂಮಿಯದಕ್ಕಿಂತ 30 ಪಟ್ಟಿಗೂ ಹೆಚ್ಚು. ಉತ್ತರ-ದಕ್ಷಿಣವಾಗಿ ಇಟ್ಟರೆ ಸರಿಯಾದ ಸುರುಳಿಯಲ್ಲೂ ಮುಳ್ಳು ಅಲುಗಾಡದೆ ಇದ್ದುಬಿಡಬಹುದು, ಸುತ್ತು ತಪ್ಪಿತೆಂದು ಬಿಚ್ಚಿ ಕೂರುತ್ತೀರಿ.

ಪುಡಿ: ಅರದಿಂದ ಉಜ್ಜಿದ, ಎಣ್ಣೆ ಹತ್ತದ, ಒಣ ಕಬ್ಬಿಣದ ಪುಡಿ. ಉಪ್ಪಿನ ಡಬ್ಬಿಯಲ್ಲಿ ತುಂಬಿ ಹಲಗೆಯ ಬಿಳಿ ಎದ್ದು ಕಾಣುವಷ್ಟು ತೆಳ್ಳಗೆ ಉದುರಿಸಿ. ಹೆಚ್ಚಾದರೆ ರೇಖೆ ಕಾಣದು, ಬರೀ ಕಪ್ಪು ಮುದ್ದೆ. ಕರೆಂಟ್ ಇರುವಾಗಲೇ ಪೆನ್ಸಿಲ್‌ನಿಂದ ಹಲಗೆಯ ಅಂಚನ್ನು ಮೆಲ್ಲಗೆ ತಟ್ಟಿ. ಹಲಗೆಯನ್ನೇ ಅಲ್ಲಾಡಿಸಬೇಡಿ.

ಈಗ ನೋಡಿ. ನಡುಭಾಗದಲ್ಲಿ ಪುಡಿ ಬಾಚಿದ ಕೂದಲಿನಂತೆ ಸಮಾನಾಂತರ. ಕೊನೆಯ 2-3 ಸೆಂ.ಮೀ.ಗೆ ಬಂದಾಗ ಅಂಚಿನ ಎಳೆಗಳು ಹೊರಕ್ಕೆ ವಾಲಿ, ಎರಡು ತಂತಿಗಳ ನಡುವಿನ ಸಂದಿಯಲ್ಲಿ ಓರೆಯಾಗಿ ತೂರಿ ಹೋಗುತ್ತವೆ. ಪ್ರತಿ ತಂತಿಗೆ ತೀರಾ ಹತ್ತಿರ ಕಾಣುವ ಸಣ್ಣ ಬಳುಕು ಬೇರೆ. ಅದು ಆಯಾ ತಂತಿಯ ಸ್ವಂತ ಕ್ಷೇತ್ರ, ಅದನ್ನು ಈ ನುಸುಳುವಿಕೆಯೊಂದಿಗೆ ಬೆರೆಸಬೇಡಿ. ಸುರುಳಿಯ ಪಕ್ಕದಲ್ಲಿ ಹೊರಗೆ ಪುಡಿ ಚೆಲ್ಲಾಪಿಲ್ಲಿಯಾಗೇ ಇದ್ದರೆ ಅಲ್ಲಿ ರೇಖೆಗಳಿಲ್ಲ ಎಂದಲ್ಲ. ಒಳಗಿದ್ದಷ್ಟೇ ರೇಖೆಗಳು ವಿಶಾಲ ಜಾಗದಲ್ಲಿ ಹರಡಿ ಹಿಂದಿರುಗುತ್ತವೆ. ಪುಡಿಯನ್ನು ಎಳೆದು ಸಾಲಾಗಿಸುವಷ್ಟು ಬಲ ಅಲ್ಲಿಲ್ಲ, ಅಷ್ಟೇ.

ಪುಡಿ ದಿಕ್ಕು ಹೇಳುವುದಿಲ್ಲ. ಕರೆಂಟ್ ತಿರುಗಿಸಿದರೂ ಅದೇ ಚಿತ್ತಾರ. ದಿಕ್ಕಿಗೆ ದಿಕ್ಸೂಚಿಯೇ ಬೇಕು: ಹೊರಗೆ ಉತ್ತರ ತುದಿಯಿಂದ ದಕ್ಷಿಣಕ್ಕೆ, ಒಳಗೆ ದಕ್ಷಿಣದಿಂದ ಉತ್ತರಕ್ಕೆ. ಬಲಗೈ ಬೆರಳುಗಳನ್ನು ವಿದ್ಯುತ್ತಿನ ದಿಕ್ಕಿಗೆ ಮಡಚಿದರೆ ಹೆಬ್ಬೆರಳು ಉತ್ತರ ತುದಿ ತೋರಿಸುತ್ತದೆ.

ಪುಡಿ ತೆಗೆಯುವಾಗ ಬರಿ ಅಯಸ್ಕಾಂತ ಹಿಡಿಯಬೇಡಿ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಹಲಗೆಯ ಮೇಲಾಡಿಸಿ, ಚೀಲವನ್ನು ಒಳಹೊರಗು ಮಾಡಿ ಅಯಸ್ಕಾಂತ ಹೊರತೆಗೆದರೆ ಪುಡಿಯೆಲ್ಲ ಚೀಲದಲ್ಲೇ ಉಳಿಯುತ್ತದೆ. ದಿಕ್ಸೂಚಿಯನ್ನು ಅದಕ್ಕೂ ಮೊದಲೇ ದೂರ ಇಡಿ, ಬಲವಾದ ಅಯಸ್ಕಾಂತ ತಾಗಿದರೆ ಮುಳ್ಳಿನ ಧ್ರುವವೇ ತಿರುಗಿಬಿಡಬಹುದು.