ತಟ್ಟೆಗಿಂತ ತೆನೆ ವಾಸಿ: ಚಳಿಗಾಲದಲ್ಲಿ ಹಿತ್ತಲ ಹಕ್ಕಿಗಳಿಗೆ ಮೇವು

ತುಮಕೂರು ಸೀಮೆಯಲ್ಲಿ ಚಳಿಗಾಲ ಅಂದರೆ ರಾಗಿ ಒಕ್ಕಣೆ ಕಾಲ. ಕಣದಲ್ಲಿ, ಕೂಳೆ ಹೊಲದಲ್ಲಿ ಉದುರಿದ ಕಾಳು ಬೇಕಾದಷ್ಟಿರುತ್ತೆ. ಹಳ್ಳಿ ಹಕ್ಕಿಗಳು ನಮ್ಮನ್ನು ನಂಬಿ ಕೂತಿಲ್ಲ. ಕಣವೇ ಇಲ್ಲದ ಪೇಟೆ ಬಡಾವಣೆಗಳ ಮಾತು ಬೇರೆ. ಅಲ್ಲಿ ತಟ್ಟೆಗೆ ಅಕ್ಕಿ ಸುರಿದರೆ ಪಾರಿವಾಳ ಮುತ್ತಿಕೊಂಡು ಗುಬ್ಬಿಗೆ ಜಾಗವೇ ಸಿಗಲ್ಲ. ನಾನು ತೆನೆ ಕಟ್ಟುವುದು ಅದಕ್ಕೇ. ತೂಗಾಡುವ ತೆನೆಗೆ ಗುಬ್ಬಚ್ಚಿ, ರಾಟವಾಳ (ಮುನಿಯಾ) ಹಕ್ಕಿಗಳು ತಲೆಕೆಳಗಾಗಿಯೂ ಜೋತುಬಿದ್ದು ತಿನ್ನುತ್ತವೆ. ಪಾರಿವಾಳಕ್ಕೆ ಆ ಕಸರತ್ತು ಬರಲ್ಲ.

ಕೊಯ್ಲಿನ ಹೊತ್ತಿಗೇ ಒಂದಡಿ ದಂಟು ಉಳಿಸಿ ರಾಗಿ ತೆನೆ ಕೊಯ್ಸಿಟ್ಟುಕೊಳ್ಳಬೇಕು. ನವಣೆ ತೆನೆ ಸಿಕ್ಕರೆ ಇನ್ನೂ ಒಳ್ಳೆಯದು. ಗೊಂಚಲಿಗೆ 20–25 ತೆನೆ ಸಾಕು. ಹಸಿ ದಂಟನ್ನೇ ಕಟ್ಟಿದರೆ ಒಣಗಿದಂತೆಲ್ಲ ಕುಗ್ಗಿ, ಹುರಿ ಸಡಿಲವಾಗಿ, ತೆನೆ ಒಂದೊಂದೇ ಜಾರಿ ಬೀಳುತ್ತೆ. ಎರಡು ಮೂರು ಬಿಸಿಲು ಕಾಯಿಸಿ, ತೆಂಗಿನ ಹುರಿಯಿಂದ ಎರಡು ಕಡೆ ಬಿಗಿದು, ನಡುವೆ ಬೆರಳು ದಪ್ಪದ ಒಂದು ಕಡ್ಡಿ ಅಡ್ಡಲಾಗಿ ತೂರಿಸಿ. ಮೊದಲು ಬಂದ ಹಕ್ಕಿ ಆ ಕಡ್ಡಿ ಮೇಲೆ ಕೂತು ನೋಡಿಕೊಂಡೇ ತೆನೆಗೆ ಇಳಿಯೋದು. ಸೂರಿನಡಿ 7 ಅಡಿ ಎತ್ತರಕ್ಕೆ, ಬೆಕ್ಕು ನೆಗೆಯಲು ಗೋಡೆ, ಕಟ್ಟೆ ಸಿಗದ ಕಡೆ ತೂಗುಹಾಕಿ. ಉಳಿದ ತೆನೆಗೆ ಹುಳ ಬೀಳದಂತೆ ಬೇವಿನೆಲೆ ಹಾಕಿಟ್ಟು ಆಗಾಗ ಬಿಸಿಲಿಗೆ ಹಾಕಿ.

ತಟ್ಟೆಯೂ ಬೇಕೆಂದರೆ ಒಂದಡಿ ಚೌಕದ ಹಲಗೆಗೆ ಬೆರಳಗಲದ ಅಂಚು ಹೊಡೆದು, ಮೂಲೆಗಳಲ್ಲಿ ನೀರು ಸೋರಲು ತೂತು ಕೊರೆಯಿರಿ. ಬೆಳಗ್ಗೆ ಒಂದು ಹಿಡಿ ಸಜ್ಜೆ, ನುಚ್ಚಕ್ಕಿ. ಹತ್ತು ಗಂಟೆಗೂ ಉಳಿದಿದ್ದರೆ ನಾಳೆ ಕಮ್ಮಿ ಹಾಕಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಜಡಿ ಹಿಡಿಯಿತೋ, ತಟ್ಟೆ ಎತ್ತಿಬಿಡಿ. ನೆಂದ ಕಾಳು ಬೇಗ ಬೂಸ್ಟು ಹಿಡಿಯುತ್ತೆ. ಅದರಲ್ಲೂ ಕಡಲೆಕಾಯಿ ಬೀಜದ ಮೇಲೆ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಯ ಪಿತ್ತಜನಕಾಂಗಕ್ಕೇ ಏಟು ಕೊಡುತ್ತೆ. ಕಪ್ಪಾದ, ಸುಕ್ಕಿದ ಬೀಜ ಆರಿಸಿ ತೆಗೆದು, ಉಪ್ಪು ಹಾಕದ್ದನ್ನು ಜಜ್ಜಿ ಕೊಡಿ. ಬಿತ್ತನೆಗೆಂದು ಬಣ್ಣದ ಔಷಧಿ ಲೇಪಿಸಿದ ಬೀಜವನ್ನಂತೂ ಹತ್ತಿರಕ್ಕೂ ತರಬೇಡಿ. ಅದು ವಿಷ.

ಪಿಕಳಾರ, ಕೋಗಿಲೆಗಳಿಗೆ ಪಪ್ಪಾಯ ಹೋಳು ಸಾಕು, ಮಧ್ಯಾಹ್ನದೊಳಗೆ ತೆಗೆಯಿರಿ. ಹೂವಿನ ಮಕರಂದ ಹೀರುವ ಸೂರಕ್ಕಿಗೆ ಸಕ್ಕರೆ ನೀರು ಇಡುವುದು ನನಗೆ ಸರಿಬರಲ್ಲ; ಬೇಗ ಹುಳಿಯುತ್ತೆ, ಇರುವೆ ಬೇರೆ. ಒಂದು ದಾಸವಾಳ ನೆಟ್ಟರಾಯಿತು.

ಕಾಳಿಗಿಂತ ನೀರು ಮುಖ್ಯ. ಅಗಲ ಬಾಯಿಯ ಮಣ್ಣಿನ ಬಟ್ಟಲಲ್ಲಿ ಎರಡಂಗುಲ ನೀರು, ನಡುವೆ ಒಂದು ಒರಟು ಕಲ್ಲು. ನಯವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಣ್ಣ ಹಕ್ಕಿಗೆ ಕಾಲು ನಿಲ್ಲಲ್ಲ. ದಿನಾ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ಅಲ್ಲೇ.

ಗರಿ ಕೆದರಿಕೊಂಡು ತಟ್ಟೆ ಹತ್ತಿರವೇ ತೂಕಡಿಸುವ, ನುಂಗಲು ಒದ್ದಾಡುವ ಬೆಳವ ಕಂಡರೆ ಕಾಳು, ನೀರು ಎರಡನ್ನೂ ಎರಡು ವಾರ ನಿಲ್ಲಿಸಿ. ಅದು ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯಿಂದ ಬರುವ ಗಂಟಲಿನ ಸೋಂಕಿರಬಹುದು. ಎಂಜಲು ಕಾಳು, ನೀರಿನಿಂದ ಹರಡುತ್ತೆ. ಹಲಗೆ, ಬಟ್ಟಲಿಗೆ ಕುದಿಯುವ ನೀರು ಹುಯ್ದು ತಿಕ್ಕಿ, ಪೂರ್ತಿ ಒಣಗಿಸಿ ಇಡಿ. ಮಾಮೂಲಿ ದಿನಗಳಲ್ಲೂ ವಾರಕ್ಕೊಮ್ಮೆ ಈ ಕೆಲಸ ತಪ್ಪಬಾರದು. ಸಂಜೆ ಕೆಳಗುದುರಿದ ಹೊಟ್ಟು ಗುಡಿಸಿಬಿಡಿ, ಇಲ್ಲದಿದ್ದರೆ ರಾತ್ರಿ ಇಲಿ, ಇಲಿಯ ಹಿಂದೆ ಬೆಕ್ಕು.