ಕೆರೆ ತುಂಬ ಹೊರಗಿನ ಕಳೆ ಹಬ್ಬಿದ್ರೆ ಏನ್ ಮಾಡ್ಬೇಕು
ಮೊದಲು ಯಾವ ಗಿಡ ಅಂತ ಗುರುತು ಹಿಡೀರಿ, ಅದಿಲ್ದೆ ಏನೂ ಶುರು ಮಾಡ್ಬೇಡಿ. ಮೇಲೆ ತೇಲೋ ಅಂತರಗಂಗೆ ಥರದ್ದನ್ನ ಬಲೆ ಹಾಕಿ ದಡಕ್ಕೆ ಎಳೀಬಹುದು, ಬೀಜ ಬಿಡೋಕೆ ಮುಂಚೆನೇ ಎಳೀಬೇಕು ಅಷ್ಟೇ. ನಿಜವಾದ ತಲೆನೋವು ಹೈಡ್ರಿಲ್ಲಾ ಥರ ನೀರೊಳಗೆ ಬೆಳೆಯೋದು, ಅದನ್ನ ಸುಮ್ನೆ ಮೆಷಿನ್ ಬಿಟ್ಟು ಕತ್ತರಿಸಿದ್ರೆ ತುಂಡುಗಳು ತೇಲ್ಕೊಂಡು ಹೋಗಿ ಇನ್ನೊಂದು ಕಡೆ ಬೇರು ಬಿಡುತ್ವೆ, ಜೊತೆಗೆ ಕೆಸರಲ್ಲಿರೋ ಗೆಡ್ಡೆ ವರ್ಷಗಟ್ಟಲೆ ಜೀವಂತ ಇರುತ್ತೆ, ಹಾಗಾಗಿ ಒಂದೇ ಸೀಸನ್‌ನಲ್ಲಿ ಮುಗಿಯೋ ಕೆಲ್ಸ ಅಲ್ಲ ಇದು. ಸಣ್ಣ ಜಾಗ ಆದ್ರೆ ಕೈಯಲ್ಲೇ ಬೇರು ಸಮೇತ ಕಿತ್ತು ಪ್ರತಿ ತುಂಡನ್ನೂ ಆರಿಸ್ಕೊಳ್ಳಿ. ಈಜೋ ಕಡೆ, ಬೋಟ್ ನಿಲ್ಲಿಸೋ ಕಡೆ ತಳಕ್ಕೆ ಮ್ಯಾಟ್ ಹಾಸಿದ್ರೆ ಬೆಳಕಿಲ್ದೆ ಸಾಯುತ್ತೆ. ಕಿತ್ತಿದ್ದನ್ನ ದಡದಲ್ಲೇ ರಾಶಿ ಹಾಕ್ಬೇಡಿ, ಮಳೆ ಬಂದ್ರೆ ಮತ್ತೆ ನೀರಿಗೇ ಹೋಗುತ್ತೆ.

ಕಳೆನಾಶಕ ಹಾಕೋದಾದ್ರೆ ಪರ್ಮಿಷನ್ ತಗೊಂಡು, ನೀರಲ್ಲಿ ಬಳಸೋಕೆ ಅಂತಲೇ ಇರೋದನ್ನ ಗೊತ್ತಿರೋರ ಕೈಲೇ ಹಾಕ್ಸಿ. ಇಡೀ ಕೆರೆಗೆ ಒಂದೇ ಸಲ ಬೇಡವೇ ಬೇಡ, ಸತ್ತ ಗಿಡ ಕೊಳೆಯೋವಾಗ ಆಕ್ಸಿಜನ್ ಇಳಿದು ಮೀನುಗಳು ಸಾಯುತ್ವೆ, ಪಾಪ ಅವೇನು ಮಾಡಿದ್ವು. ಸ್ವಲ್ಪ ಸ್ವಲ್ಪ ಭಾಗಕ್ಕೆ ಹಾಕಿ, ಗ್ಯಾಪ್ ಕೊಡಿ.

ಬೋಟು, ಟ್ರೇಲರ್, ಗಾಳ ಎಲ್ಲಾ ತೊಳೆದು, ಒಳಗಿನ ನೀರು ಬಸಿದು, ಪೂರ್ತಿ ಒಣಗಿಸಿ ಆಮೇಲೇ ಇನ್ನೊಂದು ಕೆರೆಗೆ ಇಳಿಸಿ. ಅಕ್ವೇರಿಯಂ ಗಿಡಾನೂ ದಯವಿಟ್ಟು ಕೆರೆಗೆ ಎಸೀಬೇಡಿ.