ಮರದ ಅಣಬೆ ಕೊಯ್ಯುವ ಮುಂಚೆ ಅಡಿ ನೋಡಿ

ಮಳೆ ಹಿಡಿದರೆ ಸಾಕು, ನಮ್ಮ ಮನೆಯ ಹುಡುಗರು ನನಗೆ ಅಣಬೆ ಫೋಟೋ ಕಳಿಸುತ್ತಾರೆ, ಇದು ತಿನ್ನಬಹುದಾ ಅಂತ. ಎಲ್ಲಾ ಮೇಲಿನಿಂದ ತೆಗೆದ ಫೋಟೋ. ಅದನ್ನು ನೋಡಿ ಏನು ಹೇಳೋದು? ಗುರುತು ಇರೋದೆಲ್ಲ ಅಡಿಯಲ್ಲಿ.

ಮರದ ಮೇಲೆ ಬರುವ ಅಣಬೆಯಲ್ಲಿ ವಿಷ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ಯಾಲರಿನಾ ಅನ್ನುವ ಪುಟ್ಟ ಕಂದು ಅಣಬೆ ಕೊಳೆತ ಮರದ ಮೇಲೆಯೇ ಏಳುತ್ತದೆ, ಅದರ ವಿಷ ಲಿವರ್ ಕೆಡಿಸುತ್ತದೆ.

ಹೊಸಬರು ಚಿಪ್ಪಣಬೆ ಒಂದನ್ನೇ ಮೊದಲು ಸರಿಯಾಗಿ ಕಲಿಯಿರಿ. ಸತ್ತ ಅಥವಾ ಸಾಯುತ್ತಿರುವ ಮರದ ಕಾಂಡದಲ್ಲಿ ಒಂದರ ಮೇಲೊಂದು ಗೊಂಚಲಾಗಿ ಬರುತ್ತದೆ, ಬಿಳಿ, ಕೆನೆ, ಬೂದಿ, ತಿಳಿ ಕಂದು, ಬಣ್ಣ ಹೇಗೂ ಇರಬಹುದು, ಹಾಗಾಗಿ ಬಣ್ಣವನ್ನು ಜಾಸ್ತಿ ನಂಬಬೇಡಿ. ಕಾಲು ನಡುವಿಗೆ ಇರುವುದಿಲ್ಲ, ಪಕ್ಕದಲ್ಲಿ ಮೋಟಾಗಿ ಇರುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ. ಈಗ ತಿರುಗಿಸಿ ನೋಡಿ. ಕೊಡೆಯ ಅಡಿಯ ತೆಳು ಪಟ್ಟಿಗಳು ಕಾಲಿನ ಮೇಲೂ ಇಳಿದು ಬಂದಿರಬೇಕು. ಪಟ್ಟಿಯ ಅಂಚು ಗರಗಸದ ಹಾಗಿದ್ದರೆ ಅದು ಬೇರೆ ಜಾತಿ, ಅಂಥವುಗಳಲ್ಲಿ ಕೆಲವು ಕಹಿ.

ಇಷ್ಟಕ್ಕೇ ಬುಟ್ಟಿಗೆ ಹಾಕಬೇಡಿ. ಒಂದರ ಕೊಡೆ ಕತ್ತರಿಸಿ, ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲೆ ಪಟ್ಟಿ ಕೆಳಗಾಗಿ ಇಟ್ಟು, ಬಟ್ಟಲು ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ಬಿದ್ದಿರುವ ಪುಡಿ ಬಿಳಿಯೋ ತಿಳಿ ನೇರಳೆಯೋ ಆಗಿರಬೇಕು, ಕಂದಾಗಿದ್ದರೆ ಎಸೆಯಿರಿ. ಆದರೆ ಆಂಫಲೋಟಸ್ ಅನ್ನುವ ವಿಷದ ಅಣಬೆಯ ಪುಡಿಯೂ ಬಿಳಿಯೇ, ಪಟ್ಟಿಯೂ ಹಾಗೇ ಕಾಲಿಗೆ ಇಳಿದಿರುತ್ತದೆ, ತಿಂದರೆ ವಾಂತಿ ಮಾಡಿ ಮಾಡಿ ಸುಸ್ತಾಗುತ್ತೀರಿ. ತಾಜಾ ಇದ್ದಾಗ ಅದು ಕತ್ತಲಲ್ಲಿ ಹಸಿರಾಗಿ ಮಿನುಗಬಹುದು, ಕತ್ತಲೆ ಕೋಣೆಯಲ್ಲಿ ಕಣ್ಣು ಹೊಂದುವವರೆಗೂ ಕೂತು ನೋಡಿ. ಮಿನುಗಲಿಲ್ಲ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಅದಕ್ಕೇ ಹೇಳೋದು, ಮೊದಲ ಸಲ ಗೊತ್ತಿದ್ದವರಿಗೆ ಅಣಬೆಯನ್ನೇ ಕೈಗೆ ಕೊಟ್ಟು ತೋರಿಸಿ, ಫೋಟೋ ಅಲ್ಲ.

ಬೆಳ್ಳಿ ಚಮಚ ಕಪ್ಪಾಗುತ್ತಾ, ಬೆಳ್ಳುಳ್ಳಿ ಬಣ್ಣ ಬದಲಾಯಿಸುತ್ತಾ, ಹುಳ ತಿಂದಿದೆಯಾ, ಈ ಪರೀಕ್ಷೆಗಳೆಲ್ಲ ಸುಮ್ನೆ. ಬೇಯಿಸಿದರೂ ಲಿವರ್ ಕೆಡಿಸುವ ವಿಷ ಹೋಗುವುದಿಲ್ಲ.

ಅಡಿಕೆ ತೋಟದ ಮರದ್ದಾದರೆ ಮುಟ್ಟಲೇಬೇಡಿ, ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆದಿರುತ್ತಾರಲ್ವಾ. ದೊಡ್ಡ ರಸ್ತೆ ಪಕ್ಕದ್ದೂ ಬೇಡ, ಹೊಗೆ ಧೂಳಿನಲ್ಲಿರುವ ಲೋಹವನ್ನು ಅಣಬೆ ಹೀರಿಕೊಳ್ಳುತ್ತದೆ.

ಗುರುತು ಖಚಿತವಾಯಿತಾ, ಎಳೆಯದನ್ನು ಮಾತ್ರ ಆರಿಸಿ, ಬಲಿತದ್ದು ಎಷ್ಟು ಬೇಯಿಸಿದರೂ ನಾರು. ಪಟ್ಟಿಗಳ ಸಂದಿಯಲ್ಲಿ ಸಣ್ಣ ಹುಳಗಳಿರುತ್ತವೆ, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ, ಮೊದಲ ದಿನ ದೊಡ್ಡವರಷ್ಟೇ ಒಂದೆರಡು ತುಂಡು ತಿನ್ನಿ. ಬೇಯಿಸದ ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಕೆಟ್ಟ ವಿಷ 6 ಗಂಟೆ, 12 ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಹೊಟ್ಟೆ ಕೆಟ್ಟರೆ ಕಷಾಯ ಕುಡಿದು ಕಾಯಬೇಡಿ, ಆ ಅಣಬೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.